ನಾಲ್ಕಕ್ಷರ, ನಾಲ್ಕಕ್ಷರ

ನನ್ನ ಹೆಸರು ವೀರಭದ್ರಪ್ಪ. ಅದು ತಾತನ ಹೆಸರು, ಮೊಮ್ಮಗನಿಗೆ ಬಂತು. ಮನೇಲಿ ಎಲ್ಲರಿಗೂ ನಾನು ಭದ್ರ. ಕೆಲಸಕ್ಕೆ ಸೇರಿದ ಮೊದಲ ದಿನ ಎಚ್‌ಆರ್‌ನವರು ಐಡಿ ಕಾರ್ಡ್ ಕೈಗಿಟ್ಟಾಗ ಅದರ ಮೇಲೆ 'ವೀರ್' ಅಂತಿತ್ತು. ಕಾಲ್‌ನಲ್ಲಿ ಕ್ಲೈಂಟ್‌ಗಳಿಗೆ ಕರೆಯೋಕೆ ಸುಲಭ ಆಗಲಿ ಅಂತ ಅವರೇ ಯೋಚಿಸಿ ಮಾಡಿದ ಉಪಕಾರ. ನಾನೂ ನಕ್ಕು ಕೊರಳಿಗೆ ಹಾಕ್ಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಗಿತ್ತು. ವೀರಭದ್ರಪ್ಪ ಅಂದ ತಕ್ಷಣ ಇವನು ಯಾವ ಕಡೆಯವನು, ಯಾವ ಪೈಕಿ ಅಂತ ಎದುರಿಗಿದ್ದವರು ಮನಸ್ಸಲ್ಲೇ ಲೆಕ್ಕ ಹಾಕಿಬಿಡ್ತಾರೆ. ವೀರ್ ಅಂದರೆ ಆ ಲೆಕ್ಕ ಸಿಗಲ್ಲ. ದಿನಾ ಜಿಮ್‌ಗೆ ಹೋಗುವ ಯಾರದೋ ಹೆಸರಿನ ಥರ ಇದೆ. ಇಂಗ್ಲಿಷಿನಲ್ಲಿ ಬರೆದರೆ ಬರೀ ನಾಲ್ಕಕ್ಷರ.

ಈ ನಾಲ್ಕಕ್ಷರದ ವಿಷಯ ಮತ್ತೆ ತಲೆಗೆ ಹತ್ತಿದ್ದು ಪಾಲ್ ರ‍್ಯಾಂಡ್ ಬಗ್ಗೆ ಓದುವಾಗ. ಡಿಸೈನ್ ಕೆಲಸದಲ್ಲಿರುವ ನಮ್ಮಂಥವರಿಗೆ ರ‍್ಯಾಂಡ್ ಮನೆದೇವರಿದ್ದಂಗೆ. ಬೇರೆಯವರು ಹೆಸರು ಕೇಳಿರದಿದ್ದರೂ ಕೈಕೆಲಸ ನೋಡಿರ್ತೀರಿ. ಮಾನ್ಯತಾ ಟೆಕ್ ಪಾರ್ಕ್ ಕಡೆ ಹೋದವರಿಗೆ ಐಬಿಎಂ ಬೋರ್ಡ್ ಗೊತ್ತು: ಎಂಟು ಅಡ್ಡಪಟ್ಟೆಗಳಲ್ಲಿ ಸೀಳಿದ ಮೂರು ಅಕ್ಷರ. ಅದು ರ‍್ಯಾಂಡ್‌ನದು. ಅಮೆರಿಕದ ಎಬಿಸಿ ಟೀವಿಯ ದುಂಡು ಗುರುತು, 1962ರದು, ಅದೂ ಅವನದೇ. ಇವತ್ತು ನಾವು 'ಕಾರ್ಪೊರೇಟ್ ಲುಕ್' ಅಂತ ಯಾವುದನ್ನು ಕರೀತೀವೋ ಅದನ್ನು ಕಟ್ಟಿದ ಮೊದಲ ಕೆಲವರಲ್ಲಿ ಈತನೂ ಒಬ್ಬ.

ಹುಟ್ಟಿದ್ದು 1914ರ ಆಗಸ್ಟ್ 15ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಆಚಾರವಂತ ಯಹೂದಿ ಮನೆಯಲ್ಲಿ. ಇಟ್ಟ ಹೆಸರು ಪೆರೆಟ್ಜ್ ರೋಸೆನ್‌ಬಾಮ್. ಅಪ್ಪನದು ದಿನಸಿ ಅಂಗಡಿ. ಮನುಷ್ಯರ ರೂಪ ಬರೆಯಬಾರದು ಅನ್ನುವ ಕಟ್ಟಳೆಯ ಮನೆ. ಹುಡುಗ ಮಾತ್ರ ಅಂಗಡಿಯಲ್ಲಿ ತಗುಲಿಹಾಕಿದ್ದ ಸೋಪಿನ ಜಾಹೀರಾತಿನ ಹೆಂಗಸರನ್ನೇ ನೋಡಿಕೊಂಡು ಬರೀತಿದ್ದ. ಅಪ್ಪನ ಅಂಗಡಿಗೆ ಬೋರ್ಡೂ ಬರೆದುಕೊಟ್ಟ. ಹಗಲು ಸ್ಕೂಲು, ರಾತ್ರಿ ಪ್ರ್ಯಾಟ್ ಸಂಸ್ಥೆಯಲ್ಲಿ ಚಿತ್ರಕಲೆಯ ಕ್ಲಾಸು. ಕಲಿತದ್ದರಲ್ಲಿ ಹೆಚ್ಚಿನದು ಮೇಷ್ಟ್ರುಗಳಿಂದಲ್ಲ, ಯುರೋಪಿನಿಂದ ಬರುತ್ತಿದ್ದ ಡಿಸೈನ್ ಪತ್ರಿಕೆಗಳಿಂದ.

ಕೆಲಸ ಹುಡುಕುವ ವಯಸ್ಸಿಗೆ ಬಂದಾಗ ಒಂದು ವಿಷಯ ಅರ್ಥವಾಯಿತು. ಆಗಿನ ನ್ಯೂಯಾರ್ಕಿನ ಜಾಹೀರಾತು ಕಂಪನಿಗಳಲ್ಲಿ ಯಹೂದಿ ಹೆಸರು ಹೊತ್ತು ಹೋದರೆ ಬಾಗಿಲು ಸಲೀಸಾಗಿ ತೆರೆಯಲ್ಲ. ಪೆರೆಟ್ಜ್ ಹೋಗಿ ಪಾಲ್ ಆಯ್ತು. ಬಂಧುವೊಬ್ಬರ ಕಡೆಯಿಂದ ರ‍್ಯಾಂಡ್ ಅನ್ನೋದು ಬಂತು. ಇಂಗ್ಲಿಷಿನಲ್ಲಿ ಬರೆದು ನೋಡಿ: ಇತ್ತ ನಾಲ್ಕಕ್ಷರ, ಅತ್ತ ನಾಲ್ಕಕ್ಷರ. ಎರಡೂ ಕಡೆ ಸಮ ತೂಕ. ಅದು ಒಳ್ಳೆ ಗುರುತಿನ ಥರ ಕಾಣುತ್ತೆ ಅಂತ ಲೆಕ್ಕ ಹಾಕಿಯೇ ಇಟ್ಟುಕೊಂಡದ್ದು ಅಂತ ಅವನ ಗೆಳೆಯರೊಬ್ಬರು ನೆನಪಿಸಿಕೊಂಡಿದ್ದಾರೆ. ಹಾಗಾಗಿಯೇ ಪಾಲ್ ರ‍್ಯಾಂಡ್ ಮಾಡಿದ ಮೊದಲ ಲೋಗೋ ಅಂದರೆ 'ಪಾಲ್ ರ‍್ಯಾಂಡ್' ಅಂತ ಆಮೇಲೆ ಬರೆದವರೆಲ್ಲ ಹೇಳ್ತಾರೆ. ಮೆಚ್ಚಿಕೊಂಡು, ಒಂಥರಾ ಜಾಣತನದ ಕಥೆಯ ಹಾಗೆ. ನಾನೂ ಮೊದಲು ಹಾಗೇ ಓದಿದ್ದೆ. ಐಡಿ ಕಾರ್ಡ್ ಮುಟ್ಟಿ ನೋಡಿಕೊಂಡ ಮೇಲೆ ಬೇರೆ ಥರ ಓದತೊಡಗಿದೆ. ಒಳ್ಳೆಯ ಲೋಗೋ ಅಂದರೆ ಬೇಡದ್ದನ್ನೆಲ್ಲ ತೆಗೆದು ಉಳಿಸಿಕೊಂಡದ್ದು ಅಂತ ನಮಗೆ ಕಲಿಸ್ತಾರಲ್ಲ, ಆ 'ಬೇಡದ್ದು' ಯಾರಿಗೆ ಬೇಡದ್ದು?

ಪ್ರಶ್ನೆ ಹಾಗೇ ಇರಲಿ, ಮೊದಲು ಕೆಲಸ ನೋಡೋಣ. ಕೆಲಸ ನೋಡದೆ ಬರೀ ಜೀವನಚರಿತ್ರೆ ಇಟ್ಟುಕೊಂಡು ಕಲಾವಿದನನ್ನು ತೂಗೋದು ಮೋಸ.

1938ರಿಂದ ಕೆಲವು ವರ್ಷ ರ‍್ಯಾಂಡ್ 'ಡೈರೆಕ್ಷನ್' ಅನ್ನುವ ಪತ್ರಿಕೆಗೆ ಮುಖಪುಟ ಮಾಡಿದ. ದುಡ್ಡಿಲ್ಲ, ಆದರೆ ಹೀಗೇ ಮಾಡು ಅಂತ ಹೇಳುವವರೂ ಇಲ್ಲ. 1940ರ ಡಿಸೆಂಬರ್ ಸಂಚಿಕೆ ನೋಡಿ. ಕ್ರಿಸ್‌ಮಸ್ ತಿಂಗಳು. ಯುರೋಪಿನಲ್ಲಿ ಯುದ್ಧ, ಹಿಟ್ಲರನ ಸೇನೆ ಊರೂರು ನುಂಗುತ್ತಿದೆ. ಬಿಳಿ ಹಾಳೆಯ ಮೇಲೆ ಉಡುಗೊರೆ ಪೊಟ್ಟಣಕ್ಕೆ ರಿಬ್ಬನ್ ಕಟ್ಟಿದ ಹಾಗೆ ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ. ಹತ್ತಿರ ಹೋದರೆ ಅದು ರಿಬ್ಬನ್ ಅಲ್ಲ, ಮುಳ್ಳುತಂತಿ. ಅಲ್ಲಲ್ಲಿ ದುಂಡನೆಯ ಕೆಂಪು ಚುಕ್ಕೆ. ಹಬ್ಬದ ಅಲಂಕಾರವೂ ಹೌದು, ರಕ್ತದ ಹನಿಯೂ ಹೌದು. ಎರಡು ಗೆರೆ ಸೇರಿ ಶಿಲುಬೆಯೂ ಆಗುತ್ತೆ. ಸೈನಿಕ ಇಲ್ಲ, ಹೆಣ ಇಲ್ಲ, ಅಳುವ ಮಗು ಇಲ್ಲ. ಆಗ ರ‍್ಯಾಂಡ್‌ಗೆ 26 ವರ್ಷ. ಹೆಸರಿನಿಂದ ಯಹೂದಿತನ ತೆಗೆದುಹಾಕಿದ ಹುಡುಗ ಮುಖಪುಟದಲ್ಲಿ ಅದನ್ನು ಮರೆತಿರಲಿಲ್ಲ ಅಂತ ನನಗನ್ನಿಸುತ್ತೆ.

ಐಬಿಎಂ ಬಂದದ್ದು 1956ರಲ್ಲಿ. ಅಪ್ಪನ ನಂತರ ಕಂಪನಿಯ ಚುಕ್ಕಾಣಿ ಹಿಡಿದ ಕಿರಿಯ ಥಾಮಸ್ ವಾಟ್ಸನ್‌ಗೆ ಕಂಪನಿಯ ಮುಖ ಬದಲಾಗಬೇಕಿತ್ತು. ವಾಸ್ತುಶಿಲ್ಪಿ ಎಲಿಯಟ್ ನಾಯ್ಸ್ ಮುಖಾಂತರ ರ‍್ಯಾಂಡ್‌ಗೆ ಕರೆ ಹೋಯಿತು. ರ‍್ಯಾಂಡ್ ಕ್ರಾಂತಿ ಮಾಡಲಿಲ್ಲ. 'ಸಿಟಿ' ಅನ್ನುವ ಜರ್ಮನ್ ಅಕ್ಷರಶೈಲಿಯನ್ನು ಆಧಾರವಾಗಿಟ್ಟುಕೊಂಡು ಮೂರು ಅಕ್ಷರಗಳನ್ನು ದಪ್ಪಗೆ, ಗಟ್ಟಿಯಾಗಿ ನಿಲ್ಲಿಸಿದ, ಅಷ್ಟೇ. ಅದರಲ್ಲಿ ಒಂದು ತೊಡಕು ಉಳಿದುಕೊಂಡಿತ್ತು. 'ಐ' ಸಣಕಲು, 'ಬಿ' ಅದಕ್ಕಿಂತ ಅಗಲ, 'ಎಂ' ಇನ್ನೂ ಅಗಲ. ಮೂವರು ಅಣ್ಣತಮ್ಮಂದಿರು ಎತ್ತರದ ಲೆಕ್ಕದಲ್ಲಲ್ಲ, ಹೊಟ್ಟೆಯ ಲೆಕ್ಕದಲ್ಲಿ ನಿಂತ ಹಾಗೆ. 1972ರಲ್ಲಿ ಬಂದ ಪಟ್ಟೆಗಳು ಆ ಮೂವರನ್ನೂ ಒಂದೇ ಬಟ್ಟೆಯಲ್ಲಿ ನೇಯ್ದವು. ಕಣ್ಣು ಈಗ ಅಕ್ಷರದಿಂದ ಅಕ್ಷರಕ್ಕೆ ಎಡವದೆ ಪಟ್ಟೆಯ ಮೇಲೆ ಜಾರಿಕೊಂಡು ಹೋಗುತ್ತೆ. ಕಾಗದಪತ್ರಗಳಲ್ಲಿ ಸಹಿ ನಕಲು ಮಾಡದಿರಲಿ ಅಂತ ಹಾಕುವ ಸಣ್ಣ ಗೆರೆಗಳ ನೆನಪೂ ಅದರಲ್ಲಿದೆ ಅಂತ ರ‍್ಯಾಂಡ್ ವಿವರಿಸಿದ್ದ. ಪಟ್ಟೆ ನೋಡಿದರೆ ಕಂಪ್ಯೂಟರ್ ಪರದೆ, ಸ್ಪೀಡು ಅಂತ ನಮಗೆ ಏನೇನೋ ಹೊಳೆಯುತ್ತೆ. ಅದು ಹುಟ್ಟಿದ್ದು ಮಾತ್ರ 'ಐ' ಸಣ್ಣ, 'ಎಂ' ದೊಡ್ಡ ಅನ್ನುವ ಬಡಗಿಯ ತೊಂದರೆಯಿಂದ. ನನಗೆ ರ‍್ಯಾಂಡ್ ತುಂಬ ಇಷ್ಟವಾಗೋದು ಇಂಥ ಕಡೆಗಳಲ್ಲೇ.

ಐಬಿಎಂ ಕೆಲಸ ಸಿಕ್ಕ 1956ರಲ್ಲೇ ಹೆಂಡತಿ ಆ್ಯನ್ ಜೊತೆ ಸೇರಿ ಮಕ್ಕಳ ಪುಸ್ತಕವನ್ನೂ ತಂದ. ಬರಹ ಆಕೆಯದು, ಚಿತ್ರ ಇವನದು. ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಬಣ್ಣದ ಕಾಗದದ ಥರದ ಆಕಾರಗಳು, ನೆಟ್ಟಗಿಲ್ಲದ ಅಂಚುಗಳು. ಈ ಎರಡು ಕೆಲಸಗಳನ್ನು ಬೇರೆ ಬೇರೆ ಖಾನೆಯಲ್ಲಿ ಇಡೋದು ವಾಡಿಕೆ: ಅದು ಕಂಪನಿಗೆ, ಇದು ಖುಷಿಗೆ. ಹಾಗಲ್ಲ ಅನ್ನೋದು ನನ್ನ ವಾದ. ರ‍್ಯಾಂಡ್‌ನ ಕಾರ್ಪೊರೇಟ್ ಕೆಲಸ ಗೆದ್ದಿರೋದು ಆ ಕತ್ತರಿ ಹಿಡಿದ ಕೈ ಅದರೊಳಗೆ ಕಾಣುವ ಕಡೆಯಲ್ಲೇ. 1981ರ ಐಬಿಎಂ ಪೋಸ್ಟರ್ ನೆನಪಿಸಿಕೊಳ್ಳಿ. 'ಐ' ಜಾಗದಲ್ಲಿ ಒಂದು ಕಣ್ಣು, 'ಬಿ' ಜಾಗದಲ್ಲಿ ಒಂದು ಜೇನುಹುಳ, ಆಮೇಲೆ ಪಟ್ಟೆಪಟ್ಟೆಯ 'ಎಂ'. ಇಂಗ್ಲಿಷಿನಲ್ಲಿ ಕಣ್ಣಿಗೂ ಜೇನುಹುಳಕ್ಕೂ ಅದೇ ಉಚ್ಚಾರ. ಎರಡನೇ ಕ್ಲಾಸಿನ ಮಕ್ಕಳ ಒಗಟು. ಸೂಟು ಬೂಟಿನ ಕಂಪನಿ ಅದನ್ನು ತನ್ನ ಪೋಸ್ಟರ್ ಮಾಡಿಕೊಂಡಿತು.

ಯುಪಿಎಸ್ ಕಥೆಯೂ ಇದೇ ಜಾಡಿನದು. 1961ರಲ್ಲಿ ಆ ಪಾರ್ಸೆಲ್ ಕಂಪನಿಗೆ ರ‍್ಯಾಂಡ್ ಮಾಡಿಕೊಟ್ಟದ್ದು ಒಂದು ಗುರಾಣಿ, ಅದರ ನೆತ್ತಿಯ ಮೇಲೊಂದು ಪೊಟ್ಟಣ, ಪೊಟ್ಟಣಕ್ಕೆ ದಾರದ ಕುಣಿಕೆ. ತನ್ನ ಪುಟ್ಟ ಮಗಳಿಗೆ ತೋರಿಸಿ ಏನಿದು ಅಂತ ಕೇಳಿದ, ಉಡುಗೊರೆ ಅಂತ ಅವಳು ಹೇಳಿದಳು, ಅಲ್ಲಿಗೆ ಪಾಸ್. ಈಗ 1940ರ ಮುಖಪುಟವನ್ನು ಇದರ ಪಕ್ಕ ಇಟ್ಟು ನೋಡಿ. ಅದೇ ಪೊಟ್ಟಣ, ಅದೇ ಕಟ್ಟು. ಇಪ್ಪತ್ತೊಂದು ವರ್ಷದ ಹಿಂದೆ ಮುಳ್ಳುತಂತಿಯಾಗಿದ್ದದ್ದು ಈಗ ದಾರವಾಗಿದೆ. ಯುದ್ಧ ಮುಗಿದಿದೆ, ಅಮೆರಿಕದ ಮನೆಮನೆಗೆ ಸಾಮಾನು ಬರ್ತಿದೆ. ಒಬ್ಬನೇ ಮನುಷ್ಯ, ಒಂದೇ ರೂಪಕ, ಎರಡು ಕಾಲ.

2003ರಲ್ಲಿ ಕಂಪನಿ ಆ ಪೊಟ್ಟಣವನ್ನು ತೆಗೆದುಹಾಕಿತು. ನಾವೀಗ ಬರೀ ಪಾರ್ಸೆಲ್‌ನವರಲ್ಲ, ಲಾಜಿಸ್ಟಿಕ್ಸ್‌ನವರು ಅಂತ. ಗುರಾಣಿ ಉಳಿಯಿತು, ಹೊಳಪು ಹಚ್ಚಿದರು, ದಾರ ಹೋಯಿತು. ದಾರ ಕಟ್ಟಿದ ಪೊಟ್ಟಣ ಕಳಿಸುವವರು ಈಗ ಯಾರಿದ್ದಾರೆ ಅಂತ ನೀವು ಕೇಳಬಹುದು. ಸರಿ. ಆದರೆ ಬಾಗಿಲು ತಟ್ಟಿದವನ ಕೈಯಲ್ಲಿರೋದು ಲಾಜಿಸ್ಟಿಕ್ಸ್ ಅಂತ ಯಾವ ಮಗುವೂ ಹೇಳಲ್ಲ.

ಇನ್ನು ನಮ್ಮ ಆಫೀಸುಗಳಲ್ಲಿ ಪುರಾಣದ ಥರ ಓಡಾಡುವ ಕಥೆಗೆ ಬರೋಣ. 1986ರಲ್ಲಿ ಆ್ಯಪಲ್‌ನಿಂದ ಹೊರಬಿದ್ದ ಸ್ಟೀವ್ ಜಾಬ್ಸ್ 'ನೆಕ್ಸ್ಟ್' ಅನ್ನುವ ಹೊಸ ಕಂಪನಿಗೆ ಲೋಗೋ ಕೇಳಿದ. ಒಂದೆರಡು ಆಪ್ಷನ್ ತೋರಿಸ್ತೀರಾ ಅಂದ. ಇಲ್ಲ, ನಿನ್ನ ಸಮಸ್ಯೆಗೆ ಒಂದೇ ಉತ್ತರ ಕೊಡ್ತೀನಿ, ಬಳಸು ಬಿಡು ನಿನ್ನಿಷ್ಟ, ದುಡ್ಡು ಮಾತ್ರ ಕೊಡಬೇಕು ಅನ್ನುವ ಅರ್ಥದ ಮಾತು ರ‍್ಯಾಂಡ್‌ನದು. ಇದನ್ನು ಹೇಳಿಕೊಂಡದ್ದು ಸ್ವತಃ ಜಾಬ್ಸ್. ಬೆಲೆ ಒಂದು ಲಕ್ಷ ಡಾಲರ್. ಬಂದದ್ದು ವಾರೆಯಾಗಿ ನಿಂತ ಕಪ್ಪು ಘನ, ಅದರ ಮೇಲೆ ಬಣ್ಣಬಣ್ಣದ ನಾಲ್ಕಕ್ಷರ. ಇಲ್ಲೂ ನಾಲ್ಕೇ ನೋಡಿ.

ಡಿಸೈನರ್‌ಗಳು ಈ ಕಥೆ ಕೇಳಿದಾಗ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಯಾಕಂದರೆ ನಮ್ಮ ಗತಿ ನಿಮಗೆ ಗೊತ್ತು. ಸೋಮವಾರ ಮೂರು ಆಪ್ಷನ್: ಒಂದು ನಮಗಿಷ್ಟವಾದದ್ದು, ಒಂದು ಬಾಸ್ ಹೇಳಿದ್ದು, ಒಂದು ಮೊದಲಿನೆರಡು ಚೆನ್ನಾಗಿ ಕಾಣಲಿ ಅಂತ ಮಾಡಿದ್ದು. ಗುರುವಾರ ಮೂರನೆಯದೇ ಓಕೆ ಆಗುತ್ತೆ. ಆದರೆ ಈ ಕಥೆಯನ್ನು ಧೈರ್ಯದ ಪಾಠ ಅಂತ ಹೇಳುವಾಗ ಎರಡು ವಿಷಯ ಬಿಟ್ಟುಹೋಗುತ್ತೆ. ಒಂದು, ಆಗ ರ‍್ಯಾಂಡ್‌ಗೆ 70 ದಾಟಿತ್ತು, ಬೆನ್ನ ಹಿಂದೆ ಐಬಿಎಂನ ಮೂವತ್ತು ವರ್ಷ ಇತ್ತು. ಇಲ್ಲ ಅನ್ನೋದಕ್ಕೂ ಬಂಡವಾಳ ಬೇಕು. ಎರಡು, ರ‍್ಯಾಂಡ್ ಸುಮ್ಮನೆ ತಗೋ ಅಂತ ಬಿಸಾಡಲಿಲ್ಲ. ಜೊತೆಗೊಂದು ಪುಟ್ಟ ಪುಸ್ತಕ ಮಾಡಿಕೊಟ್ಟ. ಯಾಕೆ ಘನ, ಯಾಕೆ ವಾರೆ, ಯಾಕೆ ಆ 'ಇ' ಒಂದೇ ಸಣ್ಣಕ್ಷರ ಅಂತ ಪುಟಪುಟವಾಗಿ ಬಿಡಿಸಿ ಹೇಳಿದ್ದು ಅದರಲ್ಲಿ. ನಾವು ನಕಲು ಮಾಡಬೇಕಾದ್ದು ಆ 'ಇಲ್ಲ'ವನ್ನಲ್ಲ, ಆ ಪುಸ್ತಕವನ್ನು.

ನೆಕ್ಸ್ಟ್ ಕಂಪನಿ ಗೆಲ್ಲಲಿಲ್ಲ. ರ‍್ಯಾಂಡ್ ತೀರಿಕೊಂಡದ್ದು 1996ರ ನವೆಂಬರ್ 26ರಂದು. ತಿಂಗಳೊಳಗೆ ಆ್ಯಪಲ್ ಆ ಕಂಪನಿಯನ್ನು 40 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಳ್ಳುವುದಾಗಿ ಘೋಷಿಸಿತು. ಕಪ್ಪು ಘನ ಮ್ಯೂಸಿಯಂ ಸಾಮಾನಾಯಿತು. ಐಫೋನ್ ಆ್ಯಪ್ ಬರೆಯುವ ಗೆಳೆಯರಿದ್ದರೆ ಅವರ ಕೋಡ್ ಇಣುಕಿ ನೋಡಿ. ಎಷ್ಟೋ ಕಡೆ ಹೆಸರುಗಳು 'ಎನ್ಎಸ್' ಅಂತ ಶುರುವಾಗುತ್ತವೆ. ಅದು ನೆಕ್ಸ್ಟ್‌ನವರ ಸಾಫ್ಟ್‌ವೇರ್ ಆಗಿದ್ದ ನೆಕ್ಸ್ಟ್‌ಸ್ಟೆಪ್‌ನ ಉಳಿಕೆ. ಒಂದು ಲಕ್ಷ ಡಾಲರ್ ಕೊಟ್ಟ ಗುರುತು ಅಳಿದು, ಯಾರೋ ಪ್ರೋಗ್ರಾಮರ್ ಟೈಪ್ ಮಾಡಿದ ಎರಡಕ್ಷರ ಉಳಿಯಿತು.

ಅವನ ಕೊನೆಯ ಕೆಲಸಗಳಲ್ಲೊಂದು ಎನ್ರಾನ್. ಹೌದು, ನಮ್ಮ ಪಕ್ಕದ ಮಹಾರಾಷ್ಟ್ರದ ದಾಭೋಳ್ ವಿದ್ಯುತ್ ಯೋಜನೆಯ ಗಲಾಟೆಯಲ್ಲಿ ಹೆಸರು ಕೇಳಿದ್ದ ಅದೇ ಎನ್ರಾನ್. ವಾರೆಯಾಗಿ ನಿಂತ ಮೂರು ಬಣ್ಣದ 'ಇ'. ರ‍್ಯಾಂಡ್ ಸತ್ತ ಮೇಲೆ, 1997ರ ಜನವರಿಯಲ್ಲಿ ಅದು ಹೊರಬಂತು. ಮಧ್ಯದ ಹಳದಿ ಕಡ್ಡಿ ಜೆರಾಕ್ಸ್ ಮಾಡಿದರೆ ಮಾಯವಾಗುತ್ತಿತ್ತಂತೆ, ಹಾಗಾಗಿ ಆಮೇಲೆ ಅದಕ್ಕೆ ಹಸಿರು ಹಚ್ಚಿದರು. 2001ರ ಡಿಸೆಂಬರ್‌ನಲ್ಲಿ ಕಂಪನಿಯೇ ಮಾಯವಾಯಿತು. ಸುಳ್ಳು ಲೆಕ್ಕ ಬಯಲಾಗಿ, ಸಾವಿರಾರು ನೌಕರರ ಉಳಿತಾಯ ಮುಳುಗಿಹೋಯಿತು. ಜನ ಆ ಗುರುತಿಗೆ 'ಸೊಟ್ಟ ಇ' ಅಂತ ಹೆಸರಿಟ್ಟರು. ಕಚೇರಿಯ ಮುಂದಿದ್ದ ದೊಡ್ಡ 'ಇ' ಹರಾಜಿಗೆ ಬಂತು.

ಇದಕ್ಕೆ ರ‍್ಯಾಂಡ್ ಹೊಣೆಯೇ? ಅವನ ಉತ್ತರ ಅವನ ಬರಹದಲ್ಲೇ ಇದೆ. ಲೋಗೋಗೆ ತನ್ನದೇ ಅರ್ಥ ಅಂತ ಇಲ್ಲ, ಅದು ಯಾವ ವಸ್ತುವಿನ ಗುರುತೋ ಆ ವಸ್ತುವಿನ ಗುಣದಿಂದ ಅರ್ಥ ಬರುತ್ತೆ, ಉಲ್ಟಾ ಅಲ್ಲ ಅಂತ ಮತ್ತೆ ಮತ್ತೆ ಹೇಳಿದ್ದ. ಲೋಗೋ ಮಾರಿ ಬದುಕಿದವನ ಬಾಯಲ್ಲಿ ಇದು ದೊಡ್ಡ ಪ್ರಾಮಾಣಿಕತೆ. ಇವತ್ತು ಬ್ರಾಂಡಿಂಗ್ ಹೆಸರಲ್ಲಿ ಪಿಪಿಟಿ ಮಾಡುವವರು ಯಾರೂ ಇಷ್ಟು ಕಡಿಮೆ ಹೇಳಿಕೊಳ್ಳಲ್ಲ. ಆದರೂ ಇದು ಒಂಚೂರು ಸಲೀಸಾದ ಬಾಗಿಲು. ಅರ್ಥ ತುಂಬೋದು ಕಂಪನಿಯ ಕೆಲಸ, ನನ್ನದು ಪಾತ್ರೆ ಮಾಡೋದಷ್ಟೇ ಅಂದುಬಿಟ್ಟರೆ ಒಳಗೇನು ಬೇಯ್ತಿದೆ ಅಂತ ಕೇಳುವ ಪ್ರಮೇಯವೇ ಬರಲ್ಲ. 1940ರಲ್ಲಿ ಮುಳ್ಳುತಂತಿ ಬರೆದವನಿಗೆ ಒಳಗೇನಿದೆ ಅನ್ನೋದು ಚೆನ್ನಾಗಿ ಗೊತ್ತಿತ್ತು. ಕಂಪನಿಗಳ ಜೊತೆ ನಲವತ್ತು ವರ್ಷ ಕಳೆದ ಮೇಲೆ ಆ ಪ್ರಶ್ನೆ ಅವನ ಕೆಲಸದಿಂದ ಹೊರಗೆ ಹೋಗಿತ್ತು ಅಂತ ನನ್ನ ಅನುಮಾನ.

ನನಗೆ ನಿಜಕ್ಕೂ ಕಷ್ಟವಾಗೋದು ಯೇಲ್ ಪ್ರಸಂಗ. 1956ರಿಂದ ರ‍್ಯಾಂಡ್ ಅಲ್ಲಿ ಪಾಠ ಮಾಡ್ತಿದ್ದ. 1990ರಲ್ಲಿ ಶೀಲಾ ಲೆವ್ರಾಂಟ್ ಡಿ ಬ್ರೆಟ್‌ವಿಲ್ ಅಲ್ಲಿನ ಗ್ರಾಫಿಕ್ ಡಿಸೈನ್ ವಿಭಾಗದ ಮುಖ್ಯಸ್ಥೆಯಾದಳು. ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಡಿಸೈನ್ ಕೋರ್ಸ್ ಕಟ್ಟಿದಾಕೆ. ನೀವು ಯಾರು, ಎಲ್ಲಿಂದ ಬಂದಿರಿ ಅನ್ನೋದು ನಿಮ್ಮ ಡಿಸೈನ್‌ನಲ್ಲಿ ಕಾಣಬೇಕು ಅನ್ನುವ ಪಂಥ ಆಕೆಯದು. ರ‍್ಯಾಂಡ್‌ಗೆ ಇದು ಹಿಡಿಸಲಿಲ್ಲ. 1992ರಲ್ಲಿ ರಾಜೀನಾಮೆ ಕೊಟ್ಟ. ಹೊಸ ತಲೆಮಾರಿನ ಡಿಸೈನ್ ಬರೀ ಗೊಂದಲ, ಅದರಲ್ಲಿ ರಾಜಕೀಯ ತುಂಬಿಕೊಂಡಿದೆ ಅಂತ ಕಟುವಾಗಿ ಬರೆದ.

ಆ ಲೇಖನದಲ್ಲಿ ಅವನು ಹೇಳಿದ ಕೆಲವು ಮಾತು ಸರಿಯೇ. ಆ ಕಾಲದ ಎಷ್ಟೋ ಪ್ರಯೋಗಗಳು ಇವತ್ತು ಓದೋಕೂ ಆಗಲ್ಲ. ಆದರೆ ಜಗಳದ ಬೇರು ಅಲ್ಲಿಲ್ಲ. ಡಿ ಬ್ರೆಟ್‌ವಿಲ್ ಕೂಡ ಬ್ರೂಕ್ಲಿನ್‌ನಲ್ಲಿ ಹುಟ್ಟಿದವಳು, ಪೋಲೆಂಡಿನಿಂದ ವಲಸೆ ಬಂದ ಯಹೂದಿ ತಂದೆತಾಯಿಯ ಮಗಳು. ಮದುವೆಯಾದ ಮೇಲೂ ಹುಟ್ಟುಮನೆಯ ಹೆಸರು ಬಿಡಲಿಲ್ಲ, ಎರಡನ್ನೂ ಜೋಡಿಸಿಕೊಂಡಳು. ಯಾವ ಐಡಿ ಕಾರ್ಡಿನಲ್ಲೂ ಹಿಡಿಸದಷ್ಟು ಉದ್ದದ ಹೆಸರು. ಒಂದೇ ಊರಿನ ಇಬ್ಬರು. ಒಬ್ಬನಿಗೆ ಊರನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರಬೇಕಾಯಿತು. ಇನ್ನೊಬ್ಬಳು ಊರನ್ನು ಜೊತೆಗೇ ಕರಕೊಂಡು ಬಂದಳು. ಬಿಟ್ಟು ಬಂದವನಿಗೆ ಸಿಟ್ಟು ಬಂತು.

ಇದನ್ನು ದೂರಾಗಿ ಹೇಳ್ತಿಲ್ಲ. ಯಾರ ಊರೂ ಕಾಣದ, ಎಲ್ಲರಿಗೂ ಒಂದೇ ಥರ ಕಾಣುವ ಆಕಾರ ಅನ್ನೋದು ರ‍್ಯಾಂಡ್‌ಗೆ ಬರೀ ಸೌಂದರ್ಯದ ಪ್ರಶ್ನೆ ಆಗಿರಲಿಲ್ಲ ಅಂತ ಈಗ ನನಗೆ ಅನ್ನಿಸುತ್ತೆ. ಅದು ಅವನಿಗೆ ಆಸರೆ. ವೃತ್ತ, ಚೌಕ, ಪಟ್ಟೆಗಳಿಗೆ ಜಾತಿ ಇಲ್ಲ. ಅಲ್ಲಿ ಯಾರೂ ರೋಸೆನ್‌ಬಾಮ್ ಅಂದರೆ ಯಾವ ಪೈಕಿ ಅಂತ ಕೇಳಲ್ಲ. ವೀರ್ ಅಂತ ಕಾರ್ಡ್ ಬಂದ ದಿನ ನನಗಾದ ಖುಷಿ ಅದೇ ಜಾತಿಯ ಖುಷಿ. ಅಷ್ಟು ಕಷ್ಟಪಟ್ಟು ಕಟ್ಟಿದ ಆಸರೆಯನ್ನು ಯಾರೋ ಬಂದು ಸುಳ್ಳು ಅಂದರೆ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಯಾರಿಗೆ ತಡೆಯುತ್ತೆ? ತಪ್ಪು ಅವನದೇ, ಅನುಮಾನವಿಲ್ಲ. ಆದರೆ ಆ ತಪ್ಪಿಗೆ ಆ ಕಾಲದ ನ್ಯೂಯಾರ್ಕಿನ ಆಫೀಸುಗಳೂ ಪಾಲುದಾರರು.

ಅವನ ಹಳೆಯ ಜಾಹೀರಾತುಗಳನ್ನು ಇನ್ನೊಮ್ಮೆ ನೋಡಿ. ಎಷ್ಟೋ ಹಾಳೆಗಳ ಮೂಲೆಯಲ್ಲಿ ಅವನ ಸಹಿ ಇದೆ. ಜಾಹೀರಾತಿಗೆ ಸಹಿ ಹಾಕೋದು ಆಗ ಅಪರೂಪ. ಹೆಸರು ಮಾಡಿಕೊಂಡದ್ದು, ಅಕ್ಷರ ಮಾತ್ರ ಸ್ವಂತದ್ದು. ಅಪ್ಪನ ಅಂಗಡಿಗೆ ಬೋರ್ಡು ಬರೆದ ಅದೇ ಕೈ. ಪಟ್ಟೆಗಳ ಅಚ್ಚುಕಟ್ಟನ್ನು ಮೆಚ್ಚುವವರು ಮೆಚ್ಚಲಿ, ನನಗೆ ರ‍್ಯಾಂಡ್ ಅಂದರೆ ಆ ಸಹಿ, ಆ ಕಾಗದದ ಕತ್ತರಿಕೆ, ಮಗಳಿಗೆ ತೋರಿಸಿದ ದಾರದ ಪೊಟ್ಟಣ.

ಹೋದ ತಿಂಗಳು ನನ್ನ ಮೇಲ್ ಸಹಿಯನ್ನು ವೀರಭದ್ರಪ್ಪ ಅಂತ ಬದಲಿಸಿದೆ. ಆ ವಾರದ ಕಾಲ್‌ನಲ್ಲಿ ಅಮೆರಿಕದ ಕ್ಲೈಂಟ್ ಇದನ್ನು ಹೇಗೆ ಹೇಳಬೇಕು ಅಂತ ಕೇಳಿದಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿಕೊಟ್ಟೆ. ಎರಡನೇ ಸಲಕ್ಕೆ ಹೆಚ್ಚುಕಮ್ಮಿ ಸರಿಯಾಗಿಯೇ ಹೇಳಿದಳು, ಮುಂದಿನ ವಾಕ್ಯದಲ್ಲಿ ಮತ್ತೆ ವೀರ್ ಅಂದಳು. ಇರಲಿ. ಐಡಿ ಕಾರ್ಡ್ ಇನ್ನೂ ಬದಲಾಗಿಲ್ಲ. ಎಚ್‌ಆರ್‌ಗೆ ಬರೆದಿದ್ದೀನಿ, ಅಷ್ಟುದ್ದದ ಹೆಸರು ಕೂರಲು ಕಾರ್ಡಿನ ಡಿಸೈನ್ ಬದಲಿಸಬೇಕಾಗುತ್ತೆ ಅಂತ ಉತ್ತರ ಬಂದಿದೆ. ಬದಲಿಸಬೇಕಾದವನು ನಾನೇ. ಈ ಶನಿವಾರ ಕೂತು ಮಾಡಬೇಕು. ಒಂದೇ ಆಪ್ಷನ್ ಕಳಿಸ್ತೀನಿ.